ಮಿಲಿಟರಿ ಪೇ ಸ್ಲಿಪ್‌ನ ಮನೆ ಬಾಡಿಗೆ ಭತ್ಯೆ: ಡಿವೋರ್ಸ್ ಕೇಸಿನಲ್ಲಿ ಜೀವನಾಂಶದ ಲೆಕ್ಕಕ್ಕೆ ಅದನ್ನು ಸೇರಿಸುವುದು ಹೇಗೆ?

ನಮ್ಮ ಅಕ್ಕ ಮೈಸೂರಿನ ಬಾಡಿಗೆ ಮನೆ ಬಿಟ್ಟು ತವರಿಗೆ ಬಂದಾಗ ಅವಳ ಚೀಲದಲ್ಲಿ ಭಾವನ ಒಂದು ಹಳೇ ಪೇ ಸ್ಲಿಪ್ ಇತ್ತು. ನಾಲ್ಕಾಗಿ ಮಡಚಿದ್ದ ಹಾಳೆ. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಅಡುಗೆಮನೆಯ ಕಟ್ಟೆ ಮೇಲೆ ಅದನ್ನು ಬಿಡಿಸಿಟ್ಟು, ಇಬ್ಬರೂ ಬೆರಳಿಟ್ಟು ಒಂದೊಂದೇ ಸಾಲು ಓದಿದೆವು. ಬೇಸಿಕ್, ಅಂದರೆ ಮೂಲ ವೇತನ ಗೊತ್ತಾಯಿತು, ಡಿಎ, ಅಂದರೆ ತುಟ್ಟಿಭತ್ಯೆ ಗೊತ್ತಾಯಿತು. ಎಚ್‌ಆರ್‌ಎ ಎಂಬ ಸಾಲಿಗೆ ಬಂದಾಗ ಅಕ್ಕ ಕೇಳಿದಳು: "ಇದು ಮನೆ ಬಾಡಿಗೆ ದುಡ್ಡಲ್ವಾ? ನಾನು ಮನೆಯಲ್ಲೇ ಇಲ್ಲ, ಮತ್ತೆ ಇದು ಯಾರಿಗೆ ಬರ್ತಿದೆ?"

ಈ ಬರಹ ಅವಳ ಆ ಪ್ರಶ್ನೆಯಿಂದ ಹುಟ್ಟಿದ್ದು. ಕೊಡಗು, ಬೆಳಗಾವಿ, ಹಾಸನ, ವಿಜಯಪುರದ ಎಷ್ಟೋ ಮನೆಗಳಲ್ಲಿ ಮಿಲಿಟರಿಯಲ್ಲಿರುವವರು ಇದ್ದಾರೆ. ಸಂಸಾರ ಮುರಿದಾಗ ಹೆಂಡತಿಯ ಕಡೆಯವರು "ಸಂಬಳ ಎಷ್ಟು" ಎಂದಷ್ಟೇ ಕೇಳುತ್ತಾರೆ. ಗಂಡನ ಕಡೆಯವರು ಕೈಗೆ ಬರುವ ಮೊತ್ತ ಹೇಳಿ ಸುಮ್ಮನಾಗುತ್ತಾರೆ. ಆದರೆ ಸೈನಿಕನ ಸಂಬಳದಲ್ಲಿ ಭತ್ಯೆಗಳ ಪಾಲು ದೊಡ್ಡದು. ಅದರಲ್ಲೂ ಮನೆ ಬಾಡಿಗೆ ಭತ್ಯೆ ಕುಟುಂಬದ ಸೂರಿಗೆಂದೇ ಸರ್ಕಾರ ಕೊಡುವ ದುಡ್ಡು. ಅದು ಲೆಕ್ಕದಿಂದ ಹೊರಗುಳಿದರೆ ನಷ್ಟ ಆಗುವುದು ಹೆಂಡತಿಗೆ, ಮಕ್ಕಳಿಗೆ.

ಹೆಜ್ಜೆ 1: ಮೊದಲು ಎಚ್‌ಆರ್‌ಎ ಹೇಗೆ ಬರುತ್ತದೆ ಎಂದು ತಿಳಿಯಿರಿ

7ನೇ ವೇತನ ಆಯೋಗದ ಪ್ರಕಾರ ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ಗುಂಪು ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ವೈ ಗುಂಪಿನಲ್ಲಿವೆ. ಮಡಿಕೇರಿ, ಗೋಕಾಕದಂಥ ಊರುಗಳು ಝಡ್. ಮೊದಲು ಬೇಸಿಕ್‌ನ ಶೇ. 24, 16, 8 ಸಿಗುತ್ತಿತ್ತು. 2021ರ ಜುಲೈನಲ್ಲಿ ಅದು 27, 18, 9 ಆಯಿತು. ಡಿಎ ಶೇ. 50 ಮುಟ್ಟಿದ ಮೇಲೆ, ಅಂದರೆ 2024ರ ಜನವರಿಯಿಂದ, 30, 20, 10 ಆಗಿದೆ.

ಒಂದು ಮಾತು ನೆನಪಿರಲಿ. ಸೈನಿಕರಿಗೆ ಬೇಸಿಕ್ ಜೊತೆಗೆ ಮಿಲಿಟರಿ ಸರ್ವಿಸ್ ಪೇ, ಅಂದರೆ ಎಂಎಸ್‌ಪಿ ಇರುತ್ತದೆ. ಜವಾನರಿಗೂ ಜೆಸಿಒಗಳಿಗೂ (ಸುಬೇದಾರರಂಥ ಕಿರಿಯ ಅಧಿಕಾರಿಗಳು) 5,200 ರೂಪಾಯಿ, ಲೆಫ್ಟಿನೆಂಟ್‌ನಿಂದ ಬ್ರಿಗೇಡಿಯರ್ ತನಕ 15,500. ಡಿಎ ಲೆಕ್ಕಕ್ಕೆ ಇದು ಸೇರುತ್ತದೆ, ಎಚ್‌ಆರ್‌ಎ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಸರ್ಕಾರಿ ಕ್ವಾರ್ಟರ್ಸ್ ಸಿಕ್ಕವರಿಗೆ ಎಚ್‌ಆರ್‌ಎ ಇಲ್ಲ. ಅವರ ಪೇ ಸ್ಲಿಪ್‌ನಲ್ಲಿ ಆ ಸಾಲೇ ಕಾಣುವುದಿಲ್ಲ. ಬದಲಿಗೆ ಲೈಸೆನ್ಸ್ ಫೀ, ಕರೆಂಟ್, ನೀರು ಅಂತ ಸಣ್ಣ ಕಡಿತ ಇರುತ್ತದೆ. ಫೀಲ್ಡ್‌ಗೆ, ಅಂದರೆ ಗಡಿಯಂಥ ಕಡೆಗೆ ಹೋದವರು ಮನೆಯವರನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಅವರು ಕುಟುಂಬ ಇರಲೆಂದು ಒಂದು ಊರು ಆರಿಸಿ ಬರೆದುಕೊಡುತ್ತಾರೆ. ಅಲ್ಲಿ ಕ್ವಾರ್ಟರ್ಸ್ ಸಿಗದಿದ್ದರೆ ಆ ಊರಿನ ದರದಲ್ಲಿ ಎಚ್‌ಆರ್‌ಎ ಬರುತ್ತದೆ. ಅಕ್ಕನ ಕೇಸಿನಲ್ಲಿ ಆಗಿದ್ದು ಇದೇ. ಭಾವ ಗಡಿಯ ಬ್ಯಾರಕ್‌ನಲ್ಲಿ, ಊಟ ಲಂಗರ್‌ನಲ್ಲಿ. ಮೈಸೂರಿನ ದರದಲ್ಲಿ ಭತ್ಯೆ ಬರುತ್ತಲೇ ಇತ್ತು. ಅಕ್ಕ, ಮಗು ಮಾತ್ರ ಅಪ್ಪನ ಮನೆಯ ಹಜಾರದಲ್ಲಿ ಮಲಗುತ್ತಿದ್ದರು.

ಹೆಜ್ಜೆ 2: ಪೇ ಸ್ಲಿಪ್ ಕೈಗೆ ತರಿಸಿಕೊಳ್ಳಿ

ಜವಾನರ, ಜೆಸಿಒಗಳ ಪೇ ಸ್ಲಿಪ್ 'ಹಮ್ರಾಜ್' ಆ್ಯಪ್‌ನಲ್ಲಿ ಸಿಗುತ್ತದೆ, ಆದರೆ ಅದು ಅವರ ಲಾಗಿನ್. ಅಧಿಕಾರಿಗಳ ಸಂಬಳದ ಲೆಕ್ಕ ಪುಣೆಯ ಪಿಸಿಡಿಎ ಎಂಬ ರಕ್ಷಣಾ ಲೆಕ್ಕಪತ್ರ ಕಚೇರಿಯಲ್ಲಿ. ಗಂಡನ ಫೋನ್ ಕದ್ದು ನೋಡುವ ದಾರಿ ಹಿಡಿಯಬೇಡಿ, ಅದರ ಅಗತ್ಯವೂ ಇಲ್ಲ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ 'ರಜನೀಶ್ ವಿರುದ್ಧ ನೇಹಾ' ಕೇಸಿನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಜೀವನಾಂಶದ ಕೇಸಿನಲ್ಲಿ ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಲೇಬೇಕು ಎಂದಿತು. ಸಂಬಳದ ದಾಖಲೆಯನ್ನು ಅದರ ಜೊತೆ ಕೇಳಿ. ಅವರು ಕೊಡದಿದ್ದರೆ, ಅಥವಾ ಕೊಟ್ಟದ್ದು ಒಂದೇ ತಿಂಗಳದ್ದಾಗಿದ್ದರೆ, ಯೂನಿಟ್‌ನಿಂದಲೋ ಪೇ ಆಫೀಸಿನಿಂದಲೋ ಕಳೆದ 12 ತಿಂಗಳ ಸ್ಲಿಪ್ ತರಿಸುವಂತೆ ವಕೀಲರ ಮೂಲಕ ಕೋರ್ಟ್‌ಗೆ ಅರ್ಜಿ ಹಾಕಿ. ಹನ್ನೆರಡು ಯಾಕೆಂದರೆ ಮಿಲಿಟರಿ ಸಂಬಳ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಪೋಸ್ಟಿಂಗ್ ಬದಲಾದ ತಿಂಗಳು, ಅರಿಯರ್ಸ್ ಬಂದ ತಿಂಗಳು, ಹಳೇ ಬಾಕಿ ಕಡಿತವಾದ ತಿಂಗಳು ಎಲ್ಲ ಬೇರೆ ಬೇರೆ ಕಾಣುತ್ತವೆ.

ಹೆಜ್ಜೆ 3: ಸ್ಲಿಪ್ ಅನ್ನು ಸಾಲು ಸಾಲಾಗಿ ಬೇರ್ಪಡಿಸಿ

ಇದೇ ಮುಖ್ಯ ಕೆಲಸ. ಅವಸರ ಮಾಡಬೇಡಿ. ಒಂದು ಬಿಳಿ ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ.

ಮೊದಲ ಗೆರೆಯ ಕೆಳಗೆ ಪ್ರತಿ ತಿಂಗಳು ಬರುವ ದುಡ್ಡು: ಬೇಸಿಕ್, ಎಂಎಸ್‌ಪಿ, ಡಿಎ, ಎಚ್‌ಆರ್‌ಎ, ಟ್ರಾನ್ಸ್‌ಪೋರ್ಟ್ ಭತ್ಯೆ. ಎರಡನೆಯದರ ಕೆಳಗೆ ಪೋಸ್ಟಿಂಗ್ ಇರುವ ತನಕ ಮಾತ್ರ ಬರುವ ದುಡ್ಡು. ಫೀಲ್ಡ್ ಭತ್ಯೆ, ಎತ್ತರದ ಜಾಗದ ಭತ್ಯೆ, ಸಿಯಾಚಿನ್ ಭತ್ಯೆ ಇಲ್ಲಿಗೆ. ಸಿಯಾಚಿನ್‌ನಲ್ಲಿ ಜವಾನರಿಗೆ, ಜೆಸಿಒಗಳಿಗೆ ತಿಂಗಳಿಗೆ 30,000, ಅಧಿಕಾರಿಗಳಿಗೆ 42,500 ರೂಪಾಯಿ ಎಂದು 2017ರಲ್ಲಿ ನಿಗದಿಯಾಗಿತ್ತು. ಇದನ್ನು ಕಾಯಂ ಆದಾಯ ಎಂದು ಹಿಡಿದರೆ ಗಂಡನಿಗೆ ಅನ್ಯಾಯ. ಮಂಜಿನಲ್ಲಿ ಜೀವ ಪಣಕ್ಕಿಟ್ಟು ಗಳಿಸಿದ ದುಡ್ಡು ಅದು, ಕೆಳಗಿಳಿದ ಕೂಡಲೇ ನಿಂತುಹೋಗುತ್ತದೆ. ಮಕ್ಕಳ ಶಿಕ್ಷಣ ಭತ್ಯೆಯನ್ನು ಬೇರೆಯಾಗಿ ಬರೆದಿಡಿ. ಅದು ಮಗುವಿನ ಶಾಲೆಗೆ ಬಂದ ದುಡ್ಡು, ಶಾಲೆಗೇ ಹೋಗಬೇಕು.

ಮೂರನೆಯದು ಕಡಿತ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಆದಾಯ ತೆರಿಗೆ ತಪ್ಪಿಸಲಾಗದ ಕಡಿತ, ಒಪ್ಪಿಕೊಳ್ಳಿ. ಆದರೆ ಪಿಎಫ್ ಕಡಿತ ನೋಡಿ. ಜವಾನರಿಗೆ ಎಎಫ್‌ಪಿಪಿ ಫಂಡ್, ಅಧಿಕಾರಿಗಳಿಗೆ ಡಿಎಸ್‌ಒಪಿ ಫಂಡ್. ಕನಿಷ್ಠಕ್ಕಿಂತ ಎಷ್ಟೋ ಜಾಸ್ತಿ ಕಟ್ಟುವ ಅವಕಾಶ ಇದೆ. ಅಕ್ಕನ ಹಾಳೆಯಲ್ಲಿ ಆ ಸಾಲಿನ ಮೊತ್ತ ಎಚ್‌ಆರ್‌ಎಯ ಎರಡು ಪಟ್ಟು ಇತ್ತು. ಕೈಗೆ ಬಂದ ಸಂಬಳ ಕಡಿಮೆ ಕಂಡಿದ್ದು ಅದಕ್ಕೇ. ಆದರೆ ಅದು ಖರ್ಚಲ್ಲ, ಅವರ ಹೆಸರಿನಲ್ಲೇ ಬೆಳೆಯುವ ಉಳಿತಾಯ.

ಈ ವಿಷಯದಲ್ಲಿ ನಮ್ಮ ಹೈಕೋರ್ಟ್‌ನ ಮಾತು ನೆರವಿಗೆ ಬರುತ್ತದೆ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಬ್ಯಾಂಕ್ ಮ್ಯಾನೇಜರ್ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿತು: ಪಿಎಫ್, ಮನೆ ಬಾಡಿಗೆ ವಸೂಲಿ, ಪೀಠೋಪಕರಣದ ವಸೂಲಿ, ಸ್ವಂತಕ್ಕೆ ಮಾಡಿದ ಸಾಲದ ಕಂತು, ಎಲ್‌ಐಸಿ ಪ್ರೀಮಿಯಂ ಇವನ್ನೆಲ್ಲ ಕಳೆದು ಜೀವನಾಂಶ ಲೆಕ್ಕ ಹಾಕುವಂತಿಲ್ಲ, ತೆರಿಗೆ ಮಾತ್ರ ಕಳೆಯಬಹುದು. ಮಿಲಿಟರಿ ಪೇ ಸ್ಲಿಪ್ ಮುಂದಿಟ್ಟಾಗಲೂ ನಿಮ್ಮ ವಕೀಲರು ಇದೇ ವಾದ ಹಿಡಿಯಬಹುದು.

ಹೆಜ್ಜೆ 4: ಎಚ್‌ಆರ್‌ಎ ಸೇರಿಸಿ, ಸೇರಿಸದೆ, ಎರಡೂ ಲೆಕ್ಕ ಮಾಡಿ ತೋರಿಸಿ

ಕೋರ್ಟ್‌ನಲ್ಲಿ ಬಾಯಿಮಾತಿಗಿಂತ ಒಂದು ಹಾಳೆ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. ಉದಾಹರಣೆಗೆ ಒಬ್ಬ ಹವಾಲ್ದಾರರನ್ನು ತೆಗೆದುಕೊಳ್ಳೋಣ. ಬೇಸಿಕ್ 35,900. ಎಂಎಸ್‌ಪಿ 5,200. ಎರಡೂ ಸೇರಿ 41,100. 2025ರ ಜನವರಿಯ ಶೇ. 55 ದರದಲ್ಲಿ ಡಿಎ 22,605. ಇಲ್ಲಿಗೆ 63,705 ರೂಪಾಯಿ. ಕುಟುಂಬದ ಊರು ಮೈಸೂರು ಎಂದು ಬರೆಸಿದ್ದರೆ ಎಚ್‌ಆರ್‌ಎ 7,180. ಒಟ್ಟು 70,885.

ಅದೇ ಬೆಂಗಳೂರಾಗಿದ್ದರೆ ಎಚ್‌ಆರ್‌ಎ 10,770. ಝಡ್ ಊರಾಗಿದ್ದರೆ 3,590. ಒಂದೇ ಮನುಷ್ಯ, ಒಂದೇ ರ‍್ಯಾಂಕ್. ಊರಿನ ಹೆಸರಿನ ಮೇಲೆ ತಿಂಗಳಿಗೆ ಏಳು ಸಾವಿರದಷ್ಟು ವ್ಯತ್ಯಾಸ.

ಈಗ ಜೀವನಾಂಶಕ್ಕೆ ಬನ್ನಿ. ಸೇನೆಯ ಒಳಗಿನ ಆದೇಶದಲ್ಲಿ ಹೆಂಡತಿಗೆ ಸಂಬಳ ಮತ್ತು ಭತ್ಯೆಗಳ ಶೇ. 22, ಪ್ರತಿ ಮಗುವಿಗೆ ಶೇ. 5.5, ಎಲ್ಲ ಸೇರಿ ಹೆಚ್ಚೆಂದರೆ ಶೇ. 33 ಎಂಬ ಮಿತಿ ಇದೆ. ಹೆಂಡತಿ, ಒಂದು ಮಗು ಎಂದರೆ ಶೇ. 27.5. ಎಚ್‌ಆರ್‌ಎ ಬಿಟ್ಟರೆ ಸುಮಾರು 17,519 ರೂಪಾಯಿ. ಸೇರಿಸಿದರೆ ಸುಮಾರು 19,493. ತಿಂಗಳಿಗೆ ಎರಡು ಸಾವಿರಕ್ಕೆ ಹತ್ತಿರ, ವರ್ಷಕ್ಕೆ 23,694 ರೂಪಾಯಿ. ಒಂದು ಮಗುವಿನ ಸ್ಕೂಲ್ ವ್ಯಾನ್, ಪುಸ್ತಕ, ಯೂನಿಫಾರ್ಮ್ ಇದರಲ್ಲಿ ಮುಗಿಯುತ್ತದೆ.

ಸೇನೆಯ ಮಿತಿಯಲ್ಲಿ 'ಸಂಬಳ ಮತ್ತು ಭತ್ಯೆ' ಎಂದಿದೆ, ಬರೀ ಬೇಸಿಕ್ ಎಂದಿಲ್ಲ. ಈ ಮಾತನ್ನು ಅರ್ಜಿಯಲ್ಲಿ ಎತ್ತಿ ಬರೆಯಿರಿ.

ಸಿವಿಲ್ ಕೋರ್ಟ್‌ಗೆ ಈ ಶೇಕಡಾವಾರು ಕಟ್ಟುಪಾಡು ಅನ್ವಯಿಸುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಗಂಡನ ನಿವ್ವಳ ಸಂಬಳದ ಶೇ. 25 ಸರಿಯಾದೀತು ಎಂದಿತು. ಅದನ್ನು ಎಲ್ಲರೂ ಸೂತ್ರದಂತೆ ಹೇಳುತ್ತಾರೆ, ಆದರೆ ಅದು ಸೂತ್ರವಲ್ಲ. ಇಬ್ಬರ ಆದಾಯ, ಬದುಕಿದ್ದ ರೀತಿ, ಮಕ್ಕಳ ವಯಸ್ಸು, ತಂದೆ ತಾಯಿಯ ಹೊಣೆ ಎಲ್ಲ ನೋಡಿ ಕೋರ್ಟ್ ತೀರ್ಮಾನಿಸುತ್ತದೆ.

ಹೆಜ್ಜೆ 5: ಕ್ವಾರ್ಟರ್ಸ್ ಇದ್ದರೆ ಲೆಕ್ಕ ಬೇರೆ

ಗಂಡ ಕ್ವಾರ್ಟರ್ಸ್ ಕೊಟ್ಟಿದ್ದು ಹೆಂಡತಿ, ಮಕ್ಕಳು ಅಲ್ಲೇ ಇದ್ದರೆ ಅದೇ ಒಂದು ನೆರವು. ಅಲ್ಲಿದ್ದುಕೊಂಡು ಮೇಲೆ ಬಾಡಿಗೆಯ ಪಾಲನ್ನೂ ಕೇಳುವುದು ನ್ಯಾಯವಲ್ಲ. ಆದರೆ ಆ ಮನೆ ನಂಬಿಕೊಂಡು ಕೂರುವಂಥದ್ದೂ ಅಲ್ಲ. ಅದು ಅವರ ಸರ್ವಿಸ್ ಮೇಲೆ ಹಂಚಿಕೆಯಾದದ್ದು. ಪೋಸ್ಟಿಂಗ್ ಬಂದರೆ, ನಿವೃತ್ತಿ ಆದರೆ ಖಾಲಿ ಮಾಡಬೇಕು.

ಹಾಗಾಗಿ ಕ್ವಾರ್ಟರ್ಸ್‌ನಲ್ಲಿ ಇರುವಾಗಲೇ ಮುಂದಿನ ಸೂರಿನ ಬಗ್ಗೆ ಕೇಳಿಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸೆಕ್ಷನ್ 19ರಲ್ಲಿ ಅದೇ ಮಟ್ಟದ ಬೇರೆ ಮನೆ ಕೊಡಿಸಲು, ಇಲ್ಲವೇ ಅದರ ಬಾಡಿಗೆ ಕಟ್ಟಲು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟ್‌ಗೆ ಇದೆ. ಕ್ವಾರ್ಟರ್ಸ್ ಖಾಲಿಯಾಗಿ ಎಚ್‌ಆರ್‌ಎ ಶುರುವಾದ ದಿನದಿಂದ ಜೀವನಾಂಶ ಇಷ್ಟು ಏರಬೇಕು ಎಂದು ಅರ್ಜಿಯಲ್ಲಿ ಮೊದಲೇ ಕೋರಿಕೆ ಸೇರಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಯಾವ ಬಾಗಿಲು ತಟ್ಟಬೇಕು?

ಎರಡು ಬಾಗಿಲಿವೆ. ಎರಡನ್ನೂ ತಟ್ಟಿ.

ಒಂದು ಸೇನೆಯದು. 1950ರ ಆರ್ಮಿ ಆ್ಯಕ್ಟ್‌ನಲ್ಲಿ ಅಧಿಕಾರಿಗಳಿಗೆ ಸೆಕ್ಷನ್ 90(ಐ), ಜವಾನರಿಗೆ ಮತ್ತು ಜೆಸಿಒಗಳಿಗೆ 91(ಐ) ಅಡಿ ಹೆಂಡತಿ, ಮಕ್ಕಳ ನಿರ್ವಹಣೆಗೆ ಸಂಬಳದಿಂದಲೇ ಕಡಿತ ಮಾಡಬಹುದು. ಅರ್ಜಿಯನ್ನು ಯೂನಿಟ್‌ನ ಕಮಾಂಡಿಂಗ್ ಆಫೀಸರ್‌ಗೆ ಬರೆಯಿರಿ, ಒಂದು ಪ್ರತಿ ರೆಜಿಮೆಂಟಿನ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹಾಕಿ. ಮರಾಠಾ ಲೈಟ್ ಇನ್‌ಫಂಟ್ರಿಯವರದ್ದು ಬೆಳಗಾವಿ, ಎಂಇಜಿಯವರದ್ದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಆರ್ಟಿಲರಿಯವರದ್ದು ನಾಶಿಕ್, ಸಿಗ್ನಲ್ಸ್‌ನವರದ್ದು ಜಬಲ್ಪುರ. ಆರ್ಮಿ ನಂಬರ್, ರ‍್ಯಾಂಕ್, ಯೂನಿಟ್ ವಿಳಾಸ, ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಬ್ಯಾಂಕ್ ಖಾತೆ ವಿವರ ಜೊತೆಗಿರಲಿ. ಎಂದಿನಿಂದ ದುಡ್ಡು ನಿಂತಿದೆ, ನೀವು ಎಲ್ಲಿದ್ದೀರಿ, ಬಾಡಿಗೆ ಎಷ್ಟು, ಎಚ್‌ಆರ್‌ಎ ಯಾವ ಊರಿನ ಹೆಸರಲ್ಲಿ ಬರುತ್ತಿದೆ ಎಂದು ಸರಳವಾಗಿ ಬರೆಯಿರಿ. ಬೈಗುಳ ಬೇಡ. ಅವರು ಗಂಡನಿಗೆ ನೋಟಿಸ್ ಕೊಟ್ಟು, ಉತ್ತರ ಪಡೆದು, ಮೇಲಿನ ಹಂತಕ್ಕೆ ಕಳಿಸುತ್ತಾರೆ. ಸಮಯ ಹಿಡಿಯುತ್ತದೆ.

ಸೇನೆಯ ಈ ದಾರಿ 'ಹೆಂಡತಿ' ಎಂಬ ಸಂಬಂಧದ ಮೇಲೆ ನಿಂತಿದೆ. ಡಿವೋರ್ಸ್ ಡಿಕ್ರಿ ಆದ ಮೇಲೆ ಅದನ್ನೇ ನೆಚ್ಚಿಕೊಳ್ಳಬೇಡಿ. ಮಕ್ಕಳ ಹಕ್ಕು ಮಾತ್ರ ಹಾಗೇ ಉಳಿಯುತ್ತದೆ.

ಎರಡನೆಯದು ಕೋರ್ಟ್. ಹಿಂದಿನ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 125 ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಆಗಿದೆ, 2024ರ ಜುಲೈ 1ರಿಂದ ಜಾರಿ. ಡಿವೋರ್ಸ್ ಆಗಿ ಮರುಮದುವೆಯಾಗದ ಹೆಣ್ಣೂ ಇದರಲ್ಲಿ ಕೇಳಬಹುದು. ನೀವಿರುವ ಊರಿನಲ್ಲೇ ಹಾಕಬಹುದು, ಗಂಡನ ಪೋಸ್ಟಿಂಗ್ ಹಿಂದೆ ಓಡಬೇಕಿಲ್ಲ. ಡಿವೋರ್ಸ್ ಕೇಸ್ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಲ್ಲಿ ಮಧ್ಯಂತರ ನೆರವು, ಕೊನೆಯಲ್ಲಿ ಸೆಕ್ಷನ್ 25ರಲ್ಲಿ ಕಾಯಂ ಜೀವನಾಂಶ, ಮಕ್ಕಳಿಗೆ ಸೆಕ್ಷನ್ 26. ಬೇರೆ ಬೇರೆ ಕಡೆ ಆದೇಶ ಆದರೆ ಒಂದನ್ನು ಇನ್ನೊಂದರಲ್ಲಿ ಹೊಂದಿಸುತ್ತಾರೆ. ಆದ್ದರಿಂದ ಸೇನೆಯಿಂದ ಬರುವ ದುಡ್ಡನ್ನು ಕೋರ್ಟ್‌ನಲ್ಲಿ ಮುಚ್ಚಿಡಬೇಡಿ.

ಅರ್ಜಿ ಹಾಕುವುದನ್ನು ಮುಂದೂಡಬೇಡಿ. ರಜನೀಶ್ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿಯ ದಿನದಿಂದ ಸಿಗುತ್ತದೆ. ಅಕ್ಕ "ಇವತ್ತು ಸರಿಹೋಗ್ತಾರೆ, ನಾಳೆ ಸರಿಹೋಗ್ತಾರೆ" ಅಂತ 14 ತಿಂಗಳು ಕಾದಳು. ಆ 14 ತಿಂಗಳು ಲೆಕ್ಕಕ್ಕೇ ಬರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟ್ ಆವರಣದಲ್ಲೇ ವಿಚಾರಿಸಿ. 2025ರ ಜುಲೈನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಸೈನಿಕ ಕುಟುಂಬಗಳಿಗೆಂದೇ 'ವೀರ ಪರಿವಾರ ಸಹಾಯತಾ' ಯೋಜನೆ ಶುರು ಮಾಡಿದೆ. ಅದು ಸೈನಿಕರಿಗೂ ಅವರ ಮನೆಯವರಿಗೂ ಸೇರಿದ್ದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಹೆಜ್ಜೆ 7: ಆದೇಶ ಆದ ಮೇಲೆ ದುಡ್ಡು ಕೈಗೆ ಬರುವ ಹಾಗೆ ಮಾಡಿ

ಇಲ್ಲಿ ಮಿಲಿಟರಿ ಕೇಸಿಗೂ ಬೇರೆ ಕೇಸಿಗೂ ದೊಡ್ಡ ವ್ಯತ್ಯಾಸ ಇದೆ. ಬೇರೆ ನೌಕರರ ಸಂಬಳವನ್ನು ಕೋರ್ಟ್ ಜಪ್ತಿ ಮಾಡಿಸಬಹುದು. ಸೈನಿಕರದ್ದಕ್ಕೆ ಆರ್ಮಿ ಆ್ಯಕ್ಟ್ ಸೆಕ್ಷನ್ 28 ರಕ್ಷಣೆ ಕೊಡುತ್ತದೆ. ಅವರ ಸಂಬಳ, ಭತ್ಯೆಯನ್ನು ಸಿವಿಲ್ ಕೋರ್ಟ್ ನೇರವಾಗಿ ಜಪ್ತಿ ಮಾಡುವಂತಿಲ್ಲ. ಎಚ್‌ಆರ್‌ಎಗೂ ಇದು ಅನ್ವಯ.

ಹಾಗಂತ ಆದೇಶ ಬರೀ ಕಾಗದವಲ್ಲ. ಕೋರ್ಟ್ ಆದೇಶದ ದೃಢೀಕೃತ ಪ್ರತಿಯನ್ನು ಯೂನಿಟ್‌ಗೂ ರೆಕಾರ್ಡ್ ಆಫೀಸಿಗೂ ಕಳಿಸಿ, 90(ಐ) ಅಥವಾ 91(ಐ) ಅಡಿ ಕಡಿತ ಮಾಡಿ ನಿಮ್ಮ ಖಾತೆಗೆ ಹಾಕಲು ಕೇಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ದುಡ್ಡು ನಿಂತರೆ ಬಿಎನ್‌ಎಸ್‌ಎಸ್ ಅಡಿ ವಸೂಲಿ ಅರ್ಜಿ ಹಾಕಬೇಕು. ಬಾಕಿಯಾದ ಒಂದು ವರ್ಷದ ಒಳಗೆ ಹಾಕಿ. ಎಷ್ಟೋ ಜನ ಈ ಗಡುವು ದಾಟಿ ಬಾಕಿ ಕಳೆದುಕೊಂಡಿದ್ದಾರೆ.

ಹೆಜ್ಜೆ 8: ಪೋಸ್ಟಿಂಗ್ ಬದಲಾದಾಗ, ನಿವೃತ್ತಿಯಾದಾಗ

ಎಚ್‌ಆರ್‌ಎ ಊರಿನ ಜೊತೆ ಬದಲಾಗುತ್ತದೆ. ನಿವೃತ್ತಿಯಾದ ದಿನ ಪೂರ್ತಿ ನಿಲ್ಲುತ್ತದೆ. ಜವಾನರು ನಲವತ್ತರ ಆಸುಪಾಸಿನಲ್ಲೇ ಪೆನ್ಷನ್ ಮೇಲೆ ಮನೆಗೆ ಬರುತ್ತಾರೆ, ಆಗ ಮಗು ಇನ್ನೂ ಹೈಸ್ಕೂಲಿನಲ್ಲಿರಬಹುದು. ಹಾಗಾಗಿ ಒಪ್ಪಂದ ಮಾಡಿಕೊಳ್ಳುವಾಗ ಬರೀ ಒಂದು ಮೊತ್ತ ಬರೆಸಬೇಡಿ. ವರ್ಷಕ್ಕೆ ಇಷ್ಟು ಏರಿಕೆ ಎಂದೋ, ಸಂಬಳ ಮತ್ತು ಭತ್ಯೆಯ ಇಷ್ಟು ಭಾಗ ಎಂದೋ ಬರೆಸಿ. ಪರಿಸ್ಥಿತಿ ಬದಲಾದರೆ ಬಿಎನ್‌ಎಸ್‌ಎಸ್ ಸೆಕ್ಷನ್ 146ರಲ್ಲಿ ಅಥವಾ ಹಿಂದೂ ವಿವಾಹ ಕಾಯ್ದೆ 25(2)ರಲ್ಲಿ ಮೊತ್ತ ಏರಿಸಲು, ಇಳಿಸಲು ಇಬ್ಬರೂ ಕೇಳಬಹುದು.

ಇನ್ನೊಂದು ಕಡೆಯಲ್ಲಿ ನಿಂತವರಿಗೆ

ಇದನ್ನು ಓದುವ ಸೈನಿಕರೂ ಇರುತ್ತೀರಿ. ನಿಮಗೂ ಹಕ್ಕುಗಳಿವೆ. ಎಚ್‌ಆರ್‌ಎ ಪೂರ್ತಿ ನಿಜವಾದ ಬಾಡಿಗೆಗೇ ಹೋಗುತ್ತಿದ್ದರೆ ಕರಾರು ಪತ್ರ, ಬ್ಯಾಂಕ್ ದಾಖಲೆ ಇಟ್ಟುಕೊಳ್ಳಿ. ಹೆಂಡತಿ ಇರುವ ಮನೆಯ ಬಾಡಿಗೆಯನ್ನು ನೀವೇ ಕಟ್ಟುತ್ತಿದ್ದರೆ ಅದನ್ನು ಜೀವನಾಂಶದ ಲೆಕ್ಕದಲ್ಲಿ ತೋರಿಸಿ. ನಗದು ಕೊಡಬೇಡಿ, ಖಾತೆಗೇ ಹಾಕಿ. ಫೀಲ್ಡ್ ಭತ್ಯೆ ಯಾವಾಗ ನಿಲ್ಲುತ್ತದೆ ಎಂಬುದಕ್ಕೆ ಯೂನಿಟ್‌ನಿಂದ ಪತ್ರ ತನ್ನಿ.

ಕೋರ್ಟ್ ತಾರೀಕಿಗೆ ಬರಲಾಗದಿದ್ದರೆ ಸುಮ್ಮನಿರಬೇಡಿ, ಏಕಪಕ್ಷೀಯ ಆದೇಶ ಆಗಿಬಿಡುತ್ತದೆ. ಗಡಿಯಂಥ ವಿಶೇಷ ಪರಿಸ್ಥಿತಿಯಲ್ಲಿ ಇರುವವರಿಗೆ 1925ರ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಕೇಸ್ ಮುಂದೂಡಿಸುವ ಅವಕಾಶ ಇದೆ. ರಜೆಯಲ್ಲಿ ಬಂದರೆ ಆರ್ಮಿ ಆ್ಯಕ್ಟ್ ಸೆಕ್ಷನ್ 32ರ ಪ್ರಕಾರ ರಜೆ ಪ್ರಮಾಣಪತ್ರ ಕೊಟ್ಟು, ಆ ಅವಧಿಯಲ್ಲೇ ವಿಚಾರಣೆ ನಡೆಸಲು ಕೋರ್ಟನ್ನು ಕೇಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನು ಡಿಕ್ರಿ ಆದ ಮೇಲೆ ಯೂನಿಟ್‌ನಲ್ಲಿ ಪಾರ್ಟ್ 2 ಆರ್ಡರ್, ಅಂದರೆ ಕುಟುಂಬದ ವಿವರದ ಬದಲಾವಣೆ ದಾಖಲಿಸುವ ಆದೇಶ ಮಾಡಿಸಿ. ಹೆಂಡತಿಯ ಹೆಸರು ತೆಗೆಸುವಾಗ ಮಕ್ಕಳ ಹೆಸರು ಹಾಗೇ ಉಳಿದಿದೆಯೇ ಎಂದು ನೋಡಿ. ಅವರ ಆಸ್ಪತ್ರೆ ಕಾರ್ಡು, ಶಿಕ್ಷಣ ಭತ್ಯೆ, ಮುಂದೆ ಕುಟುಂಬ ಪಿಂಚಣಿ ಎಲ್ಲವೂ ಆ ದಾಖಲೆಯ ಮೇಲೆ ನಿಂತಿವೆ.

ಅಕ್ಕನ ಕೇಸಿನಲ್ಲಿ ಕೊನೆಗೆ 12 ತಿಂಗಳ ಸ್ಲಿಪ್ ಬಂತು. ಹನ್ನೆರಡರಲ್ಲೂ ಎಚ್‌ಆರ್‌ಎ ಸಾಲು ಇತ್ತು, ಹನ್ನೆರಡರಲ್ಲೂ ಊರು ಮೈಸೂರೇ. ನಮ್ಮ ವಕೀಲರು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಜಡ್ಜ್ ಮುಂದಿಟ್ಟರು. ಮಧ್ಯಂತರ ಆದೇಶದಲ್ಲಿ ಆ ದುಡ್ಡೂ ಲೆಕ್ಕಕ್ಕೆ ಬಂತು. ಮುಂದಿನ ತಿಂಗಳೇ ಅಕ್ಕ ಒಂದು ರೂಮಿನ ಮನೆ ಬಾಡಿಗೆಗೆ ಹಿಡಿದಳು. ಮಗುವಿಗೆ ಓದಲು ಕಿಟಕಿ ಪಕ್ಕ ಒಂದು ಮೂಲೆ ಸಿಕ್ಕಿತು.